ಹತ್ತೊಂಬತ್ತನೇ ಶತಮಾನದ ಕುದುರೆ ದಂಡಿನ ಸಾಹೇಬ: ಅವನ ಮನೆತನ, ಬದುಕು ಹುಡುಕಿ ಬರೆಯುವ ಬಗೆ

1841ರ ಫೆಬ್ರುವರಿ 16ರಂದು ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್, ಅಂದರೆ ಪಾರ್ಲಿಮೆಂಟಿನ ಮೇಲ್ಮನೆ, ಒಂದು ದಿನದ ಮಟ್ಟಿಗೆ ನ್ಯಾಯಾಲಯವಾಗಿತ್ತು. ಆರೋಪಿ 11ನೇ ಹುಸಾರ್ಸ್ ಎಂಬ ಕುದುರೆ ದಂಡಿನ ರೆಜಿಮೆಂಟಿನ ಲೆಫ್ಟಿನೆಂಟ್ ಕರ್ನಲ್, ಕಾರ್ಡಿಗನ್ನಿನ 7ನೇ ಅರ್ಲ್ (ಅರ್ಲ್ ಎಂದರೆ ವಂಶಪಾರಂಪರ್ಯವಾಗಿ ಬರುವ ಒಂದು ಪಟ್ಟ). ಹಿಂದಿನ ಸೆಪ್ಟೆಂಬರ್ 12ರಂದು ವಿಂಬಲ್ಡನ್ ಬಯಲಿನಲ್ಲಿ ದ್ವಂದ್ವಯುದ್ಧಕ್ಕೆ ನಿಂತು, ತನ್ನದೇ ರೆಜಿಮೆಂಟಿನ ಮಾಜಿ ಕ್ಯಾಪ್ಟನ್ ಟಕೆಟ್‌ನ ಮೇಲೆ ಪಿಸ್ತೂಲು ಹಾರಿಸಿ ಗಾಯಗೊಳಿಸಿದ್ದ. ಪಕ್ಕದ ಗಾಳಿಗಿರಣಿಯವನೇ ಕಣ್ಣಾರೆ ಕಂಡಿದ್ದ. ಆದರೂ ಅರ್ಲ್ ಖುಲಾಸೆಯಾದ. ಆರೋಪಪಟ್ಟಿಯಲ್ಲಿ ಗಾಯಾಳುವಿನ ಹೆಸರು ಹಾರ್ವಿ ಗಾರ್ನೆಟ್ ಫಿಪ್ಸ್ ಟಕೆಟ್ ಎಂದಿತ್ತು. ಸಾಕ್ಷಿಯಾಗಿ ಬಂದ ಭೇಟಿ ಚೀಟಿಯಲ್ಲಿ ಇದ್ದದ್ದು ಬರೀ ಕ್ಯಾಪ್ಟನ್ ಹಾರ್ವಿ ಟಕೆಟ್. ಇವರಿಬ್ಬರೂ ಒಬ್ಬರೇ ಎಂದು ಸರ್ಕಾರಿ ವಕೀಲರು ಸಾಬೀತು ಮಾಡಲಿಲ್ಲ.

ಇಂಥ ಅಧಿಕಾರಿಗಳ ಬದುಕನ್ನು ಕನ್ನಡದಲ್ಲಿ ಬರೆಯಲು ಹೊರಟವರು ಎಡವುವುದೂ ಇಲ್ಲೇ. ಎರಡು ಕಾಗದಗಳಲ್ಲಿರುವ ಎರಡು ಹೆಸರು ಒಬ್ಬನವೇ, ಇಬ್ಬರವೇ? ಇದು ಇತ್ಯರ್ಥವಾಗದೆ ಮುಂದಿನ ಯಾವ ಸಾಲೂ ನಿಲ್ಲುವುದಿಲ್ಲ. ಕೆಲಸದ ಕ್ರಮವನ್ನು ಕಾರ್ಡಿಗನ್ನನ ಉದಾಹರಣೆ ಹಿಡಿದೇ ತೋರಿಸುತ್ತೇವೆ. 1854ರಲ್ಲಿ, ಕ್ರಿಮಿಯ ಯುದ್ಧದಲ್ಲಿ, ಬಾಲಕ್ಲಾವದ ಕಣಿವೆಯಲ್ಲಿ ಲೈಟ್ ಬ್ರಿಗೇಡ್ ಎಂಬ ಲಘು ಅಶ್ವದಳವನ್ನು ರಷ್ಯದ ಫಿರಂಗಿಗಳ ಎದುರಿಗೆ ನಡೆಸಿದವನು ಇವನೇ. ನಾವು ಚಳಿಗೆ ತೊಡುವ ಕಾರ್ಡಿಗನ್‌ಗೂ ಇವನದೇ ಹೆಸರು. ಇವನ ವಿಷಯದಲ್ಲಿ ದಾಖಲೆ ಹೇರಳ, ಗೊಂದಲವೂ ಹೇರಳ. ಕಲಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೊದಲು ಹೆಸರಿನ ಹಾಳೆ

ಒಂದು ಹಾಳೆ ತೆಗೆದುಕೊಂಡು ನಾಲ್ಕು ಕಾಲಂ ಗೆರೆ ಹಾಕಿ: ತಾರೀಖು, ದಾಖಲೆಯಲ್ಲಿ ಅಚ್ಚಾಗಿರುವಂತೆಯೇ ಹೆಸರು, ದರ್ಜೆ ಮತ್ತು ರೆಜಿಮೆಂಟು, ಸಿಕ್ಕಿದ ಜಾಗ. ಎರಡನೇ ಕಾಲಮ್ಮಿನಲ್ಲಿ ಹೆಸರನ್ನು ತಿದ್ದಬೇಡಿ, ಪೂರ್ತಿ ಮಾಡಬೇಡಿ. ದಾಖಲೆಯಲ್ಲಿ ಹೇಗಿದೆಯೋ ಹಾಗೇ ಇಳಿಸಿಕೊಳ್ಳಿ.

ಕಾರ್ಡಿಗನ್ನನ ಹಾಳೆ ತುಂಬಿದರೆ ಒಬ್ಬ ಮನುಷ್ಯ ಮೂವರಾಗಿ ಕಾಣುತ್ತಾನೆ. ಹುಟ್ಟಿದ್ದು 1797ರ ಅಕ್ಟೋಬರ್ 16, ಬಕಿಂಗ್‌ಹ್ಯಾಮ್‌ಶೈರಿನ ಹ್ಯಾಂಬಲ್‌ಡೆನ್‌ನಲ್ಲಿ. ಆಗ ಬರೀ ಜೇಮ್ಸ್ ಥಾಮಸ್ ಬ್ರೂಡೆನೆಲ್. 1811ರಲ್ಲಿ ತಂದೆ ರಾಬರ್ಟ್ 6ನೇ ಅರ್ಲ್ ಆದಾಗ ಮಗ ಲಾರ್ಡ್ ಬ್ರೂಡೆನೆಲ್ ಆದ. 1837ರಲ್ಲಿ ತಂದೆ ತೀರಿಕೊಂಡ ಮೇಲೆ ಅರ್ಲ್ ಆಫ್ ಕಾರ್ಡಿಗನ್. ಅಲ್ಲಿಂದ ಮುಂದೆ ಆತನ ರುಜು ಕೂಡ ‘ಕಾರ್ಡಿಗನ್’ ಎಂಬ ಒಂದೇ ಪದ. ಬ್ರೂಡೆನೆಲ್ ಎಂಬ ಹೆಸರು ಪತ್ರಗಳಿಂದ ಮಾಯವಾಗುತ್ತದೆ.

ನಡುವಿನ ಆ ‘ಲಾರ್ಡ್’ ಪದವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಅರ್ಲ್, ಮಾರ್ಕ್ವೆಸ್, ಡ್ಯೂಕ್ ಇವರ ಹಿರಿಮಗ ತಂದೆ ಬದುಕಿರುವಾಗ ತಂದೆಯ ಸಣ್ಣ ಪಟ್ಟವೊಂದನ್ನು ಮರ್ಯಾದೆಗಾಗಿ ಇಟ್ಟುಕೊಳ್ಳುತ್ತಾನೆ. ಕಾನೂನಿನ ಕಣ್ಣಿಗೆ ಅವನಿನ್ನೂ ಸಾಮಾನ್ಯ ಪ್ರಜೆಯೇ. ಆದ್ದರಿಂದಲೇ ಲಾರ್ಡ್ ಬ್ರೂಡೆನೆಲ್ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ನ ಸದಸ್ಯನಾಗಿರಲು ಸಾಧ್ಯವಾಯಿತು: 1818ರಿಂದ 1829ರವರೆಗೆ ಮಾರ್ಲ್‌ಬರೋ, 1830ರಿಂದ ಫೋಯ್, 1832ರಿಂದ 1837ರವರೆಗೆ ನಾರ್ಥಾಂಪ್ಟನ್‌ಶೈರಿನ ಉತ್ತರ ಭಾಗ. ಅರ್ಲ್ ಆದ ಮೇಲೆ ಮೇಲ್ಮನೆಗೆ ಹೋದ. ದ್ವಂದ್ವದ ವಿಚಾರಣೆ ಸಾಮಾನ್ಯ ನ್ಯಾಯಾಲಯದಲ್ಲಿ ನಡೆಯದೆ ಅರ್ಲ್‌ಗಳು, ಡ್ಯೂಕ್‌ಗಳ ಮುಂದೆಯೇ ನಡೆದದ್ದೂ ಇದೇ ಕಾರಣಕ್ಕೆ.

ಕಿರಿಯ ಗಂಡುಮಕ್ಕಳ ರೀತಿ ಬೇರೆ. ಬಾಲಕ್ಲಾವದಲ್ಲಿ 4ನೇ ಲೈಟ್ ಡ್ರಗೂನ್ಸನ್ನು ನಡೆಸಿದ ಲಾರ್ಡ್ ಜಾರ್ಜ್ ಪ್ಯಾಜೆಟ್, ಆಂಗಲ್‌ಸಿಯ ಮಾರ್ಕ್ವೆಸ್‌ನ ಕಿರಿಯ ಮಗ. ಇಲ್ಲಿ ‘ಲಾರ್ಡ್’ ಜೊತೆ ಜಾರ್ಜ್ ಎಂಬ ಸ್ವಂತ ಹೆಸರು ಬರಲೇಬೇಕು. ಅದನ್ನು ಬಿಟ್ಟು ‘ಲಾರ್ಡ್ ಪ್ಯಾಜೆಟ್’ ಎಂದು ಬರೆದರೆ ಬೇರೆ ಮನುಷ್ಯನಾಗುತ್ತಾನೆ. ಅರ್ಲ್‌ನ ಹೆಣ್ಣುಮಕ್ಕಳು ‘ಲೇಡಿ’ ಮತ್ತು ಸ್ವಂತ ಹೆಸರು, ಉದಾಹರಣೆಗೆ ಲೇಡಿ ಆನ್. ಅರ್ಲ್‌ನ ಹೆಂಡತಿ ಕೌಂಟೆಸ್.

ಆಗಾಗ ಆಗುವ ಇನ್ನೊಂದು ತಪ್ಪು: 1820ರ ದಶಕದ ಪತ್ರಿಕೆಯಲ್ಲಿ ‘ಅರ್ಲ್ ಆಫ್ ಕಾರ್ಡಿಗನ್’ ಎಂದು ಹುಡುಕಿ, ಸಿಕ್ಕಿದ್ದನ್ನೆಲ್ಲ ಇವನ ಲೆಕ್ಕಕ್ಕೆ ಬರೆಯುವುದು. 1811ರಿಂದ 1837ರವರೆಗೆ ಆ ಹೆಸರಿನವನು ಇವನ ತಂದೆ. ಕೌಂಟೆಸ್ ಆಫ್ ಕಾರ್ಡಿಗನ್ ಅಂತೂ ಮೂವರು: 1811ರ ನಂತರ ತಾಯಿ ಪೆನೆಲೋಪಿ, 1837ರ ನಂತರ ಮೊದಲ ಹೆಂಡತಿ ಎಲಿಜಬೆತ್, 1858ರ ನಂತರ ಎರಡನೇ ಹೆಂಡತಿ ಅಡೆಲೈನ್. ತಾರೀಖು ನೋಡದೆ ಪಟ್ಟವನ್ನು ಮನುಷ್ಯನಿಗೆ ಅಂಟಿಸಬೇಡಿ.

ಪಟ್ಟದ ಊರನ್ನು ಮನೆಯೂರು ಎಂದುಕೊಳ್ಳುವುದೂ ಉಂಟು. ಕಾರ್ಡಿಗನ್ ವೇಲ್ಸಿನ ಊರು. ಬ್ರೂಡೆನೆಲ್‌ಗಳ ಮನೆ ಇದ್ದದ್ದು, ಈಗಲೂ ಇರುವುದು, ನಾರ್ಥಾಂಪ್ಟನ್‌ಶೈರಿನ ಡೀನ್ ಪಾರ್ಕ್‌ನಲ್ಲಿ. 1514ರಲ್ಲಿ ನ್ಯಾಯಾಧೀಶ ಸರ್ ರಾಬರ್ಟ್ ಬ್ರೂಡೆನೆಲ್ ಕೊಂಡ ಜಾಗ ಅದು. ಮನೆತನದ ಹಳೆಯ ಕಾಗದಗಳು ನಾರ್ಥಾಂಪ್ಟನ್‌ಶೈರಿನ ದಾಖಲೆ ಕಚೇರಿಯಲ್ಲಿವೆ. ವೇಲ್ಸಿನಲ್ಲಿ ಹುಡುಕಿದರೆ ಕೈಗೆ ಏನೂ ಹತ್ತುವುದಿಲ್ಲ.

ಕನ್ನಡದ ಕಾಗುಣಿತವನ್ನೂ ಈಗಲೇ ಗೊತ್ತುಮಾಡಿಕೊಂಡುಬಿಡಿ. ಉಚ್ಚಾರವನ್ನು ಕೇಳಿ ಬರೆಯಿರಿ, ಸ್ಪೆಲಿಂಗ್ ನೋಡಿ ಬರೆಯಬೇಡಿ. ಕರ್ನಲ್, ಲೆಫ್ಟಿನೆಂಟ್ ನಮಗೆ ರೂಢಿಯಾಗಿವೆ. ‘ವಿಸ್ಕೌಂಟ್’ ಎಂದು ಬರೆಯುವವರು ಇನ್ನೂ ಇದ್ದಾರೆ, ಅದು ವೈಕೌಂಟ್. ಒಮ್ಮೆ ಬ್ರೂಡೆನೆಲ್, ಇನ್ನೊಮ್ಮೆ ಬ್ರುಡ್ನಲ್ ಎಂದು ಬರೆದರೆ ಓದುವವರು ಇಬ್ಬರು ಎಂದುಕೊಳ್ಳುತ್ತಾರೆ.

ದರ್ಜೆ ಮತ್ತು ದುಡ್ಡು

ಬ್ರಿಟಿಷ್ ಸೇನೆಯಲ್ಲಿ 1871ರವರೆಗೆ ಕುದುರೆ ದಂಡಿನ, ಕಾಲಾಳು ದಂಡಿನ ಅಧಿಕಾರಿ ಹುದ್ದೆಗಳು ಕ್ರಯಕ್ಕೆ ಸಿಗುತ್ತಿದ್ದವು. ಕುದುರೆ ದಂಡಿನ ಅತಿ ಕೆಳಗಿನ ಅಧಿಕಾರಿ ದರ್ಜೆಯಾದ ಕಾರ್ನೆಟ್‌ನಿಂದ ಲೆಫ್ಟಿನೆಂಟ್ ಕರ್ನಲ್‌ವರೆಗೆ ದುಡ್ಡು ಕೊಟ್ಟು ಏರಬಹುದಿತ್ತು. ಅದಕ್ಕೂ ಮೇಲಿನ ದರ್ಜೆಗಳು ಮಾರಾಟಕ್ಕಿರಲಿಲ್ಲ. ಬ್ರೂಡೆನೆಲ್ 1824ರ ಮೇ ತಿಂಗಳಲ್ಲಿ 8ನೇ ಹುಸಾರ್ಸ್‌ಗೆ ಕಾರ್ನೆಟ್ ಆಗಿ ಸೇರಿದಾಗ ವಯಸ್ಸು 26 ದಾಟಿತ್ತು, ಆ ಕಾಲಕ್ಕೆ ತಡವೇ. 1825ರ ಜನವರಿಗೆ ಲೆಫ್ಟಿನೆಂಟ್, 1826ರ ಜೂನ್‌ಗೆ ಕ್ಯಾಪ್ಟನ್, 1830ರ ಆಗಸ್ಟ್‌ಗೆ ಮೇಜರ್, ಅದೇ ಡಿಸೆಂಬರ್‌ಗೆ ಲೆಫ್ಟಿನೆಂಟ್ ಕರ್ನಲ್. ಆರೂವರೆ ವರ್ಷದಲ್ಲಿ ಐದು ಮೆಟ್ಟಿಲು, ಅದೂ ಒಂದು ಯುದ್ಧವನ್ನೂ ಕಾಣದೆ.

ಡ್ರಗೂನ್, ಹುಸಾರ್ ರೆಜಿಮೆಂಟುಗಳಿಗೆ 1821ರಲ್ಲಿ ಗೊತ್ತು ಮಾಡಿದ ದರ ಹೀಗಿತ್ತು: ಕಾರ್ನೆಟ್ 840 ಪೌಂಡ್, ಲೆಫ್ಟಿನೆಂಟ್ 1190, ಕ್ಯಾಪ್ಟನ್ 3225, ಮೇಜರ್ 4575, ಲೆಫ್ಟಿನೆಂಟ್ ಕರ್ನಲ್ 6175. ಇವನ್ನೆಲ್ಲ ಕೂಡಿಸಿ 16,005 ಪೌಂಡ್ ಖರ್ಚಾಯಿತು ಎಂದು ಬರೆದರೆ ತಪ್ಪು. ಮೇಲಿನ ಹುದ್ದೆ ಕೊಳ್ಳುವಾಗ ಕೆಳಗಿನದನ್ನು ಮಾರುತ್ತಾರೆ, ಹಾಗಾಗಿ ಕೊಡುವುದು ವ್ಯತ್ಯಾಸ ಮಾತ್ರ: 840, ಆಮೇಲೆ 350, 2035, 1350, 1600. ಒಟ್ಟು ಮತ್ತೆ 6175ಕ್ಕೇ ಬರುತ್ತದೆ. ಕೂಡಿಸಿ ನೋಡಿದರೆ ಸರಿಹೊಂದಬೇಕು. ಹೊಂದದಿದ್ದರೆ ಯಾವುದೋ ಬಡ್ತಿ ದುಡ್ಡಿಲ್ಲದೆ ಬಂದಿದೆ, ಇಲ್ಲವೇ ಒಂದು ಮೆಟ್ಟಿಲು ನಿಮ್ಮ ಕಣ್ಣಿಗೆ ಬಿದ್ದಿಲ್ಲ ಎಂದರ್ಥ.

ಇದು ಕಾಗದದ ಮೇಲಿನ ದರ. ಒಳ್ಳೆಯ ರೆಜಿಮೆಂಟಿಗೆ ಇದರ ಮೇಲೆ ಗುಟ್ಟಾಗಿ ಇನ್ನಷ್ಟು ದುಡ್ಡು ಹರಿಯುತ್ತಿತ್ತು. 1832ರಲ್ಲಿ 15ನೇ ಹುಸಾರ್ಸ್‌ನ ಅಧಿಪತ್ಯಕ್ಕೆ ಬ್ರೂಡೆನೆಲ್ 35ರಿಂದ 40 ಸಾವಿರ ಪೌಂಡ್ ಕೊಟ್ಟನೆಂಬುದು ಆಗಿನಿಂದ ನಡೆದುಬಂದ ಮಾತು. ಹೆಚ್ಚಿಗೆ ಕೊಡುವುದು ಕಾನೂನಿಗೆ ವಿರುದ್ಧವಾಗಿದ್ದರಿಂದ ಇದಕ್ಕೆ ರಸೀದಿ ಹುಡುಕಿ ಫಲವಿಲ್ಲ. ಬರೆಯುವಾಗ ‘ಕೊಟ್ಟ’ ಎನ್ನಬೇಡಿ, ‘ಕೊಟ್ಟನೆಂದು ಹೇಳುತ್ತಾರೆ’ ಎನ್ನಿ.

ಮೊತ್ತವನ್ನು ಇಂದಿನ ರೂಪಾಯಿಗೆ ಪರಿವರ್ತಿಸುವ ಆಸೆ ಎಲ್ಲರಿಗೂ ಬರುತ್ತದೆ. ಬಿಟ್ಟುಬಿಡಿ, ಅದರಿಂದ ಏನೂ ತಿಳಿಯುವುದಿಲ್ಲ. ಅದೇ ಕಾಲದ ಇನ್ನೊಂದು ಮೊತ್ತದ ಪಕ್ಕದಲ್ಲಿ ಇಡಿ. ಲಘು ಅಶ್ವದಳದ ಸಾಮಾನ್ಯ ಸವಾರನ ದಿನದ ಸಂಬಳ 1 ಶಿಲ್ಲಿಂಗ್ 3 ಪೆನ್ನಿ. ಒಂದು ಪೌಂಡಿಗೆ 20 ಶಿಲ್ಲಿಂಗ್, ಒಂದು ಶಿಲ್ಲಿಂಗಿಗೆ 12 ಪೆನ್ನಿ. ಹಾಗಾದರೆ 6175 ಪೌಂಡ್ ಎಂದರೆ ಒಬ್ಬ ಸವಾರನ 98,800 ದಿನದ ಸಂಬಳ, ಅಂದರೆ 270 ವರ್ಷದ ದುಡಿಮೆ. 40 ಸಾವಿರದ ಮಾತು ನಿಜವಾದರೆ ಸುಮಾರು 1750 ವರ್ಷ. ಈ ಒಂದು ಲೆಕ್ಕ ಬರೆದರೆ ಸಾಕು, ಯಾರ ಮಕ್ಕಳು ಅಧಿಕಾರಿಗಳಾಗುತ್ತಿದ್ದರು ಎಂದು ಓದುಗರಿಗೆ ಬೇರೆ ಹೇಳಬೇಕಿಲ್ಲ.

ಬಡ್ತಿಗಳನ್ನು ಹುಡುಕುವ ಜಾಗ ಸರ್ಕಾರದ ಅಧಿಕೃತ ಪತ್ರಿಕೆಯಾದ ಲಂಡನ್ ಗೆಜೆಟ್. ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಅದರ ಭಾಷೆ ಬಿಗಿಯಾದದ್ದು, ಆದರೆ ನಾಲ್ಕೈದು ಪದ ಗೊತ್ತಿದ್ದರೆ ಸಾಕು. ‘ವೈಸ್’ ಎಂದರೆ ಯಾರ ಜಾಗಕ್ಕೆ. ‘ಬೈ ಪರ್ಚೇಸ್’ ಎಂದರೆ ಕ್ರಯಕ್ಕೆ, ‘ವಿದೌಟ್ ಪರ್ಚೇಸ್’ ಎಂದರೆ ಕ್ರಯವಿಲ್ಲದೆ. ‘ಹೂ ರಿಟೈರ್ಸ್’ ಎಂದರೆ ಹಿಂದಿನವನು ಹುದ್ದೆ ಬಿಟ್ಟ. ‘ಹೂ ಎಕ್ಸ್‌ಚೇಂಜಸ್’ ಎಂದರೆ ಇಬ್ಬರೂ ಜಾಗ ಬದಲಾಯಿಸಿಕೊಂಡರು. ‘ಹಾಫ್ ಪೇ’ ಎಂದರೆ ದರ್ಜೆ ಇದೆ, ರೆಜಿಮೆಂಟಿನ ಕೆಲಸವಿಲ್ಲ, ಅರ್ಧ ಸಂಬಳ. ಗೆಜೆಟ್ ಅಚ್ಚಾದ ದಿನವೂ ಹುದ್ದೆ ಜಾರಿಗೆ ಬಂದ ದಿನವೂ ಒಂದೇ ಆಗಿರಬೇಕಿಲ್ಲ. ಎರಡನ್ನೂ ಬರೆದಿಟ್ಟುಕೊಳ್ಳಿ.

ಗೆಜೆಟ್‌ನಲ್ಲಿ ಹುಡುಕಿ ಸಿಗದಿದ್ದರೆ ದಾಖಲೆಯೇ ಇಲ್ಲ ಎಂದು ಕೈಬಿಡಬೇಡಿ. ಹಳೆಯ ಅಚ್ಚನ್ನು ಯಂತ್ರ ಓದುವಾಗ ಹನ್ನೊಂದು ಎಂಬ ಅಂಕಿಯ ಎರಡು ಒಂದುಗಳನ್ನು ಎರಡು ‘ಎಲ್’ ಅಕ್ಷರಗಳೆಂದು ಓದಿರುತ್ತದೆ. 11ನೇ ರೆಜಿಮೆಂಟನ್ನು ಹುಡುಕುವವರು ಎರಡು ಬಗೆಯಲ್ಲೂ ಹುಡುಕಬೇಕು. ರೆಜಿಮೆಂಟಿನ ಹೆಸರೇ ಬದಲಾದದ್ದೂ ನೆನಪಿರಲಿ: 11ನೇ ಲೈಟ್ ಡ್ರಗೂನ್ಸ್ 1840ರಲ್ಲಿ, ರಾಣಿ ವಿಕ್ಟೋರಿಯಾಳನ್ನು ಮದುವೆಯಾಗಲು ಬಂದ ರಾಜಕುಮಾರ ಆಲ್ಬರ್ಟ್‌ನಿಗೆ ಡೋವರಿನಿಂದ ಕ್ಯಾಂಟರ್‌ಬರಿವರೆಗೆ ಬೆಂಗಾವಲು ಕೊಟ್ಟ ಮೇಲೆ, 11ನೇ ಹುಸಾರ್ಸ್ ಆಯಿತು. ಹೆಸರು ಬದಲಾದರೂ ಸಂಖ್ಯೆ ಅದೇ. ಸಂಖ್ಯೆ ಹಿಡಿದು ಹೋಗಿ.

ಗೆಜೆಟ್‌ನ ತಾರೀಖು ಕೈಯಲ್ಲಿದ್ದರೆ ಮುಂದಿನ ಬಾಗಿಲು ತೆರೆಯುತ್ತದೆ. ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯೂಓ 31 ಎಂಬ ಸಾಲಿನ ಕಟ್ಟುಗಳಿವೆ (ಡಬ್ಲ್ಯೂಓ ಎಂದರೆ ವಾರ್ ಆಫೀಸ್, ಯುದ್ಧ ಇಲಾಖೆ), 1793ರಿಂದ 1870ರವರೆಗಿನವು. ಹುದ್ದೆಗೆ ಹಾಕಿದ ಅರ್ಜಿ, ಶಿಫಾರಸು ಪತ್ರ, ಹುದ್ದೆ ಮಾರುವವನ ಒಪ್ಪಿಗೆ ಎಲ್ಲ ಇವುಗಳಲ್ಲಿರುತ್ತವೆ. ಮನೆತನದ ವಿವರ ಎಷ್ಟೋ ಸಲ ಮೊದಲು ಸಿಗುವುದು ಈ ಶಿಫಾರಸು ಪತ್ರಗಳಲ್ಲೇ. ಕಟ್ಟುಗಳನ್ನು ನೇಮಕದ ತಾರೀಖಿನ ಕ್ರಮದಲ್ಲಿ ಜೋಡಿಸಿದ್ದಾರೆ, ಆದ್ದರಿಂದ ತಾರೀಖು ಇಲ್ಲದೆ ಹೋದರೆ ದಿನವಿಡೀ ಕಟ್ಟು ಬಿಚ್ಚುವುದೇ ಆಗುತ್ತದೆ. ಅಧಿಕಾರಿಗಳ ಸೇವಾ ವಿವರಕ್ಕೆ ಡಬ್ಲ್ಯೂಓ 25 ಮತ್ತು 76, ಕೋರ್ಟ್ ಮಾರ್ಷಲ್‌ಗಳ ನಡಾವಳಿಗೆ ಡಬ್ಲ್ಯೂಓ 71. ಅಲ್ಲಿಗೆ ಹೋಗಲಾಗದವರು ಮನೆಯಲ್ಲೇ ಕುಳಿತು ಆರ್ಮಿ ಲಿಸ್ಟ್‌ಗಳನ್ನು, ಅಂದರೆ ಸೇನಾಧಿಕಾರಿಗಳ ಅಚ್ಚಾದ ಪಟ್ಟಿಗಳನ್ನು, ನೋಡಬಹುದು, ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಅವನ್ನು ಅಂತರ್ಜಾಲದಲ್ಲಿಟ್ಟಿದೆ. 1839ರಿಂದ ಬಂದ ಹಾರ್ಟ್‌ನ ಆರ್ಮಿ ಲಿಸ್ಟ್ ಎಲ್ಲಕ್ಕಿಂತ ಉಪಯುಕ್ತ, ಏಕೆಂದರೆ ಯಾರು ಯಾವ ಯುದ್ಧದಲ್ಲಿದ್ದರು ಎಂದು ಅಡಿಟಿಪ್ಪಣಿಯಲ್ಲಿ ಕೊಡುತ್ತದೆ.

ಆರ್ಮಿ ಲಿಸ್ಟ್‌ನಲ್ಲೂ ಎರಡು ಬಲೆಗಳಿವೆ. ಒಂದು ಬ್ರೆವೆಟ್ ದರ್ಜೆ: ಸೇನೆಯ ಒಟ್ಟು ಲೆಕ್ಕದಲ್ಲಿ ಒಂದು ದರ್ಜೆ, ರೆಜಿಮೆಂಟಿನೊಳಗೆ ಅದಕ್ಕಿಂತ ಕೆಳಗಿನದು. ಕಾರ್ಡಿಗನ್ 1846ರಲ್ಲಿ ಬ್ರೆವೆಟ್ ಕರ್ನಲ್ ಆದ, ಆದರೆ ರೆಜಿಮೆಂಟಿನಲ್ಲಿ ಅವನು ಲೆಫ್ಟಿನೆಂಟ್ ಕರ್ನಲ್ಲೇ. ಇನ್ನೊಂದು, ಒಂದೇ ರೆಜಿಮೆಂಟಿನಲ್ಲಿ ಒಂದೇ ಹೆಸರಿನ ಇಬ್ಬರು. 1840ರಲ್ಲಿ 11ನೇ ಹುಸಾರ್ಸ್‌ನಲ್ಲಿ ಕ್ಯಾಪ್ಟನ್ ರೆನಾಲ್ಡ್ಸ್ ಇಬ್ಬರಿದ್ದರು. ಮೆಸ್ಸಿನ ಊಟದ ಮೇಜಿಗೆ ಮೊಸೆಲ್ ವೈನನ್ನು ಕಪ್ಪು ಬಾಟಲಿಯಲ್ಲೇ ತರಿಸಿದನೆಂದು ಕಾರ್ಡಿಗನ್ನನ ಸಿಟ್ಟಿಗೆ ಗುರಿಯಾದವನು ಜಾನ್ ರೆನಾಲ್ಡ್ಸ್. ಅದೇ ವರ್ಷ ಕಾರ್ಡಿಗನ್ನನ ಮೇಲೆ ತಿರುಗಿಬಿದ್ದು ಕೋರ್ಟ್ ಮಾರ್ಷಲ್‌ಗೆ ನಿಂತವನು ರಿಚರ್ಡ್ ರೆನಾಲ್ಡ್ಸ್. ಇಬ್ಬರನ್ನೂ ಸೇರಿಸಿ ಒಬ್ಬನನ್ನಾಗಿ ಮಾಡಿದ ಬರಹಗಳು ಇವತ್ತಿಗೂ ಸುತ್ತುತ್ತಿವೆ.

‘ಕಸಿನ್’ ಎಂದರೆ ಯಾರು

ಮನೆತನದ ಭಾಗಕ್ಕೆ ಬಂದಾಗ ಕನ್ನಡದವರಿಗೆ ಒಂದು ಅನುಕೂಲವಿದೆ. ಇಂಗ್ಲಿಷಿನವರು ‘ಅಂಕಲ್’, ‘ಕಸಿನ್’, ‘ಬ್ರದರ್ ಇನ್ ಲಾ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ನಮ್ಮ ಭಾಷೆ ಅಷ್ಟಕ್ಕೆ ಬಿಡುವುದಿಲ್ಲ. ದೊಡ್ಡಪ್ಪನೋ ಚಿಕ್ಕಪ್ಪನೋ ಸೋದರಮಾವನೋ, ದಾಯಾದಿಯೋ ಸೋದರತ್ತೆಯ ಮಗನೋ ಹೇಳಲೇಬೇಕು. ಹೇಳಬೇಕಾದರೆ ಹುಡುಕಲೇಬೇಕು. ‘ಕಸಿನ್’ ಎಂಬ ಪದ ಕಂಡಲ್ಲೆಲ್ಲ ಗುರುತು ಹಾಕಿ, ಅದಕ್ಕೆ ಸರಿಯಾದ ಕನ್ನಡ ಪದ ಸಿಗುವವರೆಗೆ ಮುಂದೆ ಹೋಗಬೇಡಿ.

ಕಾರ್ಡಿಗನ್ 1868ರ ಮಾರ್ಚ್‌ನಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡಾಗ ಕಾನೂನುಬದ್ಧ ಮಕ್ಕಳಿರಲಿಲ್ಲ. ಪಟ್ಟ ‘ಸೆಕೆಂಡ್ ಕಸಿನ್’ ಏಲ್ಸ್‌ಬರಿ ಮಾರ್ಕ್ವೆಸ್‌ಗೆ ಹೋಯಿತು ಎಂದು ಪುಸ್ತಕಗಳು ಹೇಳುತ್ತವೆ. ಹಾಗೆಂದರೆ ಏನು? ಮೇಲಿನಿಂದ ಬರೆದು ನೋಡಿ.

3ನೇ ಅರ್ಲ್ ಜಾರ್ಜ್ (ಸಾವು 1732), ಅವನಿಗೆ ನಾಲ್ವರು ಗಂಡುಮಕ್ಕಳು:
ಜಾರ್ಜ್: 4ನೇ ಅರ್ಲ್, 1766ರಲ್ಲಿ ಮಾಂಟಗುವಿನ ಡ್ಯೂಕ್ (ಸಾವು 1790)
ಜೇಮ್ಸ್: 5ನೇ ಅರ್ಲ್ (ಸಾವು 1811, ಮಕ್ಕಳಿಲ್ಲ)
ರಾಬರ್ಟ್: ಅವನ ಮಗ ರಾಬರ್ಟ್ 6ನೇ ಅರ್ಲ್ (ಸಾವು 1837), ಅವನ ಮಗ ಜೇಮ್ಸ್ ಥಾಮಸ್ 7ನೇ ಅರ್ಲ್
ಥಾಮಸ್: ಏಲ್ಸ್‌ಬರಿಯ ಅರ್ಲ್, ಅವನ ಮಗ ಚಾರ್ಲ್ಸ್ 1ನೇ ಮಾರ್ಕ್ವೆಸ್, ಅವನ ಮಗ ಜಾರ್ಜ್ 2ನೇ ಮಾರ್ಕ್ವೆಸ್ ಮತ್ತು 1868ರಿಂದ ಕಾರ್ಡಿಗನ್ನಿನ 8ನೇ ಅರ್ಲ್

ಈಗ ಎಲ್ಲ ತಿಳಿಯಾಯಿತು. ಕಾರ್ಡಿಗನ್ನನ ತಾತ, ಏಲ್ಸ್‌ಬರಿಯ ತಾತ ಅಣ್ಣತಮ್ಮಂದಿರು. ನಮ್ಮ ಮಾತಿನಲ್ಲಿ ಶುದ್ಧ ದಾಯಾದಿ. 6ನೇ ಅರ್ಲ್‌ಗೆ ಪಟ್ಟ ಬಂದದ್ದು ದೊಡ್ಡಪ್ಪನಿಂದ. ಏಲ್ಸ್‌ಬರಿ ಶಾಖೆಯ ಮನೆತನದ ಹೆಸರು ಬ್ರೂಡೆನೆಲ್-ಬ್ರೂಸ್ ಆದದ್ದು ಏಕೆಂದರೆ ಥಾಮಸ್‌ಗೆ ಸೋದರಮಾವನಾದ ಬ್ರೂಸ್ ಮನೆತನದವನ ಆಸ್ತಿ, ಪಟ್ಟ ಬಂತು, ಜೊತೆಗೆ ಹೆಸರೂ ಬಂತು. ಹೀಗೆ ಆಸ್ತಿಯ ಜೊತೆ ಮನೆತನದ ಹೆಸರು ಬದಲಾಗುವುದು ಅಲ್ಲಿ ಸಾಮಾನ್ಯ. ಹೆಸರು ಬೇರೆ ಎಂದು ರಕ್ತಸಂಬಂಧವನ್ನು ತಳ್ಳಿಹಾಕಬೇಡಿ.

ಮರ ಬರೆಯುವಾಗ ಬಹುತೇಕರು ಗಂಡುಮಕ್ಕಳ ಸಾಲು ಮಾತ್ರ ಬರೆದು ನಿಲ್ಲಿಸುತ್ತಾರೆ, ಪಟ್ಟ ಆ ಸಾಲಿನಲ್ಲೇ ಹೋಗುತ್ತದಲ್ಲ ಎಂದು. ಇದು ದೊಡ್ಡ ತಪ್ಪು ಎಂಬುದು ನಮ್ಮ ಖಚಿತ ಅಭಿಪ್ರಾಯ. ಪಟ್ಟ ಗಂಡು ಸಾಲಿನಲ್ಲಿ ಇಳಿದರೂ ಹುದ್ದೆ, ಕೃಪೆ, ಜಗಳ ಎಲ್ಲ ಹರಿದದ್ದು ಅಕ್ಕತಂಗಿಯರ ಮದುವೆಗಳ ಮೂಲಕ. ಕಾರ್ಡಿಗನ್ ಏಳು ಅಕ್ಕತಂಗಿಯರ ನಡುವಿನ ಒಬ್ಬನೇ ಮಗ. ಅವರಲ್ಲಿ ಇಬ್ಬರನ್ನು ನೋಡಿ.

ಹ್ಯಾರಿಯೆಟ್ 1820ರಲ್ಲಿ ಮದುವೆಯಾದದ್ದು ರಿಚರ್ಡ್ ಕರ್ಜನ್‌ನನ್ನು, 1821ರಿಂದ ಅರ್ಲ್ ಹೋವ್. ಆ ಹೋವ್ ಮುಂದೆ ರಾಣಿ ಅಡಿಲೇಡ್‌ಳ ಅರಮನೆಯ ಲಾರ್ಡ್ ಚೇಂಬರ್ಲಿನ್, ಅಂದರೆ ಅಲ್ಲಿನ ಹಿರಿಯ ಅಧಿಕಾರಿ. ಇತ್ತ ಬ್ರೂಡೆನೆಲ್ 15ನೇ ಹುಸಾರ್ಸ್‌ನಲ್ಲಿ ಕ್ಯಾಪ್ಟನ್ ವಾಥನ್ ಮೇಲೆ ಹೊರಿಸಿದ ಆರೋಪಗಳು ಕೋರ್ಟ್ ಮಾರ್ಷಲ್‌ನಲ್ಲಿ ಬಿದ್ದುಹೋಗಿ, 1834ರಲ್ಲಿ ತಾನೇ ಅಧಿಪತ್ಯ ಕಳೆದುಕೊಂಡಿದ್ದ. ಅಂಥವನಿಗೆ ಎರಡೇ ವರ್ಷದಲ್ಲಿ, 1836ರಲ್ಲಿ, 11ನೇ ಲೈಟ್ ಡ್ರಗೂನ್ಸ್ ಸಿಕ್ಕಿತು. ಇದು ಹೇಗಾಯಿತು ಎಂದು ಬರೆದವರೆಲ್ಲ ಅರಮನೆಯಲ್ಲಿದ್ದ ಈ ಹೋವ್‌ನ ಕಡೆ ಬೆರಳು ತೋರಿಸುತ್ತಾರೆ. ಹ್ಯಾರಿಯೆಟ್ ನಿಮ್ಮ ಮರದಲ್ಲಿಲ್ಲದಿದ್ದರೆ ಈ ನೇಮಕ ಒಗಟಾಗಿಯೇ ಉಳಿಯುತ್ತದೆ.

ತಂಗಿ ಆನ್ 1829ರಲ್ಲಿ ಮದುವೆಯಾದದ್ದು ಜಾರ್ಜ್ ಬಿಂಗಮ್‌ನನ್ನು, ಮುಂದೆ ಲೂಕನ್ನಿನ 3ನೇ ಅರ್ಲ್. ಅಲ್ಲಿಗೆ ಕಾರ್ಡಿಗನ್ ಅವನಿಗೆ ಹೆಂಡತಿಯ ಅಣ್ಣ. ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. 1854ರ ಕ್ರಿಮಿಯ ಯುದ್ಧದಲ್ಲಿ ಇಡೀ ಅಶ್ವದಳ ವಿಭಾಗ ಲೂಕನ್ನನ ಕೈಗೆ ಬಂತು, ಅದರೊಳಗಿನ ಲೈಟ್ ಬ್ರಿಗೇಡ್ ಕಾರ್ಡಿಗನ್ನನ ಕೈಗೆ. 1797ರಲ್ಲಿ ಹುಟ್ಟಿದ ಭಾವ, 1800ರಲ್ಲಿ ಹುಟ್ಟಿದ ತಂಗಿಯ ಗಂಡನ ಕೆಳಗೆ. ಇಂಗ್ಲಿಷಿನ ‘ಬ್ರದರ್ಸ್ ಇನ್ ಲಾ’ ಎಂಬ ಮಾತಿನಲ್ಲಿ ಈ ಹಿರಿಕಿರಿತನ ಕಾಣುವುದೇ ಇಲ್ಲ. ಕನ್ನಡದಲ್ಲಿ ಸಂಬಂಧವನ್ನು ಬಿಡಿಸಿ ಹೇಳಿದ ಕೂಡಲೇ ಕಾಣುತ್ತದೆ.

ದಾಯಾದಿಯ ಕೊಂಡಿಯೂ ಪಟ್ಟಕ್ಕಷ್ಟೇ ಮುಗಿಯುವುದಿಲ್ಲ. ಮಾರ್ಲ್‌ಬರೋ ಕ್ಷೇತ್ರ ಏಲ್ಸ್‌ಬರಿಯವರ ಹಿಡಿತದಲ್ಲಿತ್ತು. 1829ರಲ್ಲಿ ಬ್ರೂಡೆನೆಲ್ ಕ್ಯಾಥೊಲಿಕರ ಹಕ್ಕಿನ ಮಸೂದೆಯ ವಿಷಯದಲ್ಲಿ ಅವರ ಮಾತು ಮೀರಿ ಸರ್ಕಾರದ ಪರ ನಿಂತ, ಸ್ಥಾನ ಬಿಡಬೇಕಾಯಿತು. ಸಂಸದರ ಬಗ್ಗೆ ಹಿಸ್ಟರಿ ಆಫ್ ಪಾರ್ಲಿಮೆಂಟ್ ಎಂಬ ಸಂಪುಟಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಅಧಿಕಾರಿ ಎಂದಾದರೂ ಕಾಮನ್ಸ್ ಸದಸ್ಯನಾಗಿದ್ದರೆ ಮೊದಲು ಅಲ್ಲಿ ನೋಡಿ, ಅರ್ಧ ಕೆಲಸ ಉಳಿಯುತ್ತದೆ.

ಮದುವೆ, ಸಾವು, ಉಯಿಲು

ಇಂಗ್ಲೆಂಡಿನಲ್ಲಿ ಹುಟ್ಟು, ಮದುವೆ, ಸಾವುಗಳ ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಅದಕ್ಕೂ ಹಿಂದಿನದಕ್ಕೆ ಚರ್ಚುಗಳ ಪುಸ್ತಕವೇ ಗತಿ. ಚರ್ಚಿನಲ್ಲಿ ಸಿಗುವುದು ದೀಕ್ಷಾಸ್ನಾನದ ತಾರೀಖು, ಅದನ್ನೇ ಹುಟ್ಟಿದ ದಿನವೆಂದು ಬರೆಯಬೇಡಿ. 1841ರಿಂದ ಹತ್ತು ವರ್ಷಕ್ಕೊಮ್ಮೆ ಹೆಸರುಳ್ಳ ಜನಗಣತಿ ಸಿಗುತ್ತದೆ. ವಿದೇಶದಲ್ಲಿ ದಂಡಿನೊಂದಿಗೆ ಇದ್ದವರು ಅದರಲ್ಲಿ ಕಾಣುವುದಿಲ್ಲ.

ವಿಚ್ಛೇದನೆ 1858ಕ್ಕೆ ಮೊದಲು ಆಗಬೇಕಾದರೆ ಪಾರ್ಲಿಮೆಂಟು ಒಬ್ಬೊಬ್ಬರಿಗೂ ಬೇರೆಯಾಗಿ ಕಾಯಿದೆ ಮಾಡಬೇಕಿತ್ತು. ಕಾರ್ಡಿಗನ್ನನ ಮೊದಲ ಹೆಂಡತಿ ಎಲಿಜಬೆತ್ ಮೊದಲು ಕರ್ನಲ್ ಜಾನ್‌ಸ್ಟನ್ ಎಂಬವನ ಹೆಂಡತಿ. ಜಾನ್‌ಸ್ಟನ್ ಬ್ರೂಡೆನೆಲ್ ಮೇಲೆ ದಾವೆ ಹೂಡಿ 1000 ಪೌಂಡ್ ಪರಿಹಾರ ಗೆದ್ದ, ಆಮೇಲೆ ಕಾಯಿದೆಯಾಯಿತು, 1826ರಲ್ಲಿ ಎಲಿಜಬೆತ್ ಬ್ರೂಡೆನೆಲ್‌ನನ್ನು ಮದುವೆಯಾದಳು. ಇಂಥ ಪ್ರಕರಣವನ್ನು ಚರ್ಚಿನ ಪುಸ್ತಕದಲ್ಲಿ ಹುಡುಕಬೇಡಿ. ಪಾರ್ಲಿಮೆಂಟಿನ ಖಾಸಗಿ ಕಾಯಿದೆಗಳ ಪಟ್ಟಿ ಮತ್ತು ಪತ್ರಿಕೆಗಳ ನ್ಯಾಯಾಲಯ ವರದಿ, ಈ ಎರಡರಲ್ಲಿ ಸಿಗುತ್ತದೆ. ಎಲಿಜಬೆತ್ 1858ರಲ್ಲಿ ತೀರಿಕೊಂಡ ಕೆಲವೇ ವಾರಗಳಲ್ಲಿ ಆತ ಅಡೆಲೈನ್ ಡಿ ಹಾರ್ಸಿಯನ್ನು ಮದುವೆಯಾದದ್ದು ಜಿಬ್ರಾಲ್ಟರಿನಲ್ಲಿ. ಹೊರದೇಶದ ಇಂಥ ಮದುವೆಗಳು ಇಂಗ್ಲೆಂಡಿನ ಸಾಮಾನ್ಯ ಸೂಚಿಯಲ್ಲಿ ಸಿಗದಿದ್ದರೆ ದಂಡಿನ ಪಾದ್ರಿಗಳ ಪುಸ್ತಕ ನೋಡಬೇಕು.

ಉಯಿಲುಗಳಿಗೂ 1858ರ ಜನವರಿಯೇ ಗಡಿ. ಅದಕ್ಕೂ ಹಿಂದಿನ ಸಿರಿವಂತರ ಉಯಿಲುಗಳು ಹೆಚ್ಚಾಗಿ ಕ್ಯಾಂಟರ್‌ಬರಿಯ ಧರ್ಮನ್ಯಾಯಾಲಯದವು, ಕ್ಯೂನಲ್ಲಿ ಪಿಆರ್‌ಓಬಿ 11 ಸಾಲಿನಲ್ಲಿವೆ. ಆಮೇಲಿನವಕ್ಕೆ ವರ್ಷವಾರು ಅಚ್ಚಾದ ಪ್ರೊಬೇಟ್ ಕ್ಯಾಲೆಂಡರ್ ಎಂಬ ಉಯಿಲುಗಳ ಸೂಚಿ ಇದೆ. ಪಟ್ಟ ಹೋದ ಕಡೆಗೇ ಮನೆಯೂ ಹೋಯಿತೆಂದು ಊಹಿಸಬೇಡಿ. ಕಾರ್ಡಿಗನ್ ಪಟ್ಟ ದಾಯಾದಿಗೆ ಹೋದರೂ ಡೀನ್ ಪಾರ್ಕ್ ಅಡೆಲೈನ್ 1915ರಲ್ಲಿ ಸಾಯುವವರೆಗೆ ಅವಳ ಕೈಯಲ್ಲೇ ಇತ್ತು.

ಯುದ್ಧದ ದಿನ

ಬಾಲಕ್ಲಾವದ ದಾಳಿ 1854ರ ಅಕ್ಟೋಬರ್ 25ರಂದು ನಡೆಯಿತು. ರಷ್ಯದ ಮೂಲಗಳಲ್ಲಿ ಅಕ್ಟೋಬರ್ 13 ಎಂದಿದ್ದರೆ ಬೆಚ್ಚಬೇಡಿ, ಅವರ ಪಂಚಾಂಗ ಆ ಶತಮಾನದಲ್ಲಿ 12 ದಿನ ಹಿಂದಿತ್ತು. ಆದೇಶ ಹರಿದ ದಾರಿಯನ್ನು ಒಂದು ಗೆರೆಯಲ್ಲಿ ಬರೆಯಿರಿ: ಸೇನಾಪತಿ ರ್‍ಯಾಗ್ಲನ್, ಬರೆದುಕೊಟ್ಟವನು ಏರಿ, ಹೊತ್ತು ತಂದವನು ಕ್ಯಾಪ್ಟನ್ ನೋಲನ್, ಪಡೆದವನು ಲೂಕನ್, ನಡೆಸಿದವನು ಕಾರ್ಡಿಗನ್. ಹೋದವರು ಸುಮಾರು 670 ಸವಾರರು, ಐದು ರೆಜಿಮೆಂಟುಗಳಿಂದ: 4ನೇ ಮತ್ತು 13ನೇ ಲೈಟ್ ಡ್ರಗೂನ್ಸ್, 8ನೇ ಮತ್ತು 11ನೇ ಹುಸಾರ್ಸ್, 17ನೇ ಲ್ಯಾನ್ಸರ್ಸ್. ಸತ್ತವರ ಸಂಖ್ಯೆ ಮೂಲದಿಂದ ಮೂಲಕ್ಕೆ ಸ್ವಲ್ಪ ಬದಲಾಗುತ್ತದೆ, ಸುಮಾರು 110. ಆ ದಿನವೇ ಸತ್ತವರು, ಗಾಯದಿಂದ ಆಮೇಲೆ ಸತ್ತವರು, ಸೆರೆಸಿಕ್ಕಿ ಸತ್ತವರು ಇವರನ್ನು ಬೇರೆಬೇರೆ ಲೆಕ್ಕ ಹಾಕುವುದೇ ಇದಕ್ಕೆ ಕಾರಣ. ನಿಮ್ಮ ಸಂಖ್ಯೆ ಯಾವ ಲೆಕ್ಕದ್ದು ಎಂದು ಅಲ್ಲೇ ಬರೆಯಿರಿ.

ಕಾರ್ಡಿಗನ್ ಎಲ್ಲರಿಗಿಂತ ಮುಂದೆ ಹೋಗಿ ಫಿರಂಗಿಗಳನ್ನು ಮುಟ್ಟಿ ಬದುಕಿ ಬಂದ. ತನ್ನ ಜನರನ್ನು ಅಲ್ಲೇ ಬಿಟ್ಟು ಬೇಗ ಹಿಂದಿರುಗಿದನೆಂಬ ಆಪಾದನೆಗೆ 1863ರಲ್ಲಿ ಕ್ಯಾಲ್‌ಥಾರ್ಪ್ ಎಂಬ ಅಧಿಕಾರಿಯ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿದ. ಎರಡೂ ಕಡೆಯವರು ಆ ದಿನ ಕಣಿವೆಯಲ್ಲಿದ್ದ ಸೈನಿಕರಿಂದ ಅಫಿಡವಿಟ್ ಬರೆಸಿದರು. ಒಂಬತ್ತು ವರ್ಷದ ನಂತರದ ನೆನಪು ಅದು, ಪಕ್ಷ ಹಿಡಿದವರ ಮಾತು ಬೇರೆ. ಆದರೆ ಸಾಮಾನ್ಯ ಸವಾರರ ಧ್ವನಿ ಇಷ್ಟು ಒತ್ತಾಗಿ ಸಿಗುವ ಜಾಗ ಇನ್ನೊಂದಿಲ್ಲ. ಪ್ರತಿ ಹೇಳಿಕೆಗೂ ಹೇಳಿದವನು ಯಾವ ಸಾಲಿನಲ್ಲಿದ್ದ, ಅಲ್ಲಿಂದ ಅವನಿಗೆ ಏನು ಕಾಣಬಹುದಿತ್ತು ಎಂದು ಗುರುತು ಮಾಡಿಕೊಂಡು ಓದಿ. ಮೂರನೇ ಸಾಲಿನವನು ಹೊಗೆಯೊಳಗೆ ಮೊದಲ ಸಾಲಿನ ಮುಂದಿದ್ದವನನ್ನು ಕಂಡೆ ಎಂದರೆ ಅನುಮಾನಿಸಲೇಬೇಕು.

ಬೆಂಗಳೂರಿನಿಂದ ಹುಡುಕುವವರಿಗೆ

ಈ ಕಥೆಯ ಕೆಲವು ಎಳೆಗಳು ನಮ್ಮ ದಂಡು ಪ್ರದೇಶಕ್ಕೂ ಬರುತ್ತವೆ. ಲೈಟ್ ಬ್ರಿಗೇಡಿನ 13ನೇ ಲೈಟ್ ಡ್ರಗೂನ್ಸ್ 1819ರಿಂದ 1840ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಬೆಂಗಳೂರಿನಲ್ಲೂ ಬೀಡುಬಿಟ್ಟಿತ್ತು. ಆದೇಶ ಹೊತ್ತು ತಂದ ನೋಲನ್ 15ನೇ ಹುಸಾರ್ಸ್‌ನವನು. ಕಾರ್ಡಿಗನ್ ಹಿಂದೆ ಅಧಿಪತ್ಯ ಕಳೆದುಕೊಂಡಿದ್ದ ಅದೇ ರೆಜಿಮೆಂಟು 1840ರ ದಶಕದಲ್ಲಿ ಬೆಂಗಳೂರಿನಲ್ಲಿತ್ತು. ಕಾರ್ಡಿಗನ್ ಸ್ವತಃ ಭಾರತದಲ್ಲಿ ಇದ್ದದ್ದು ಕಾನ್ಪುರದ ಕಡೆ ಸ್ವಲ್ಪ ಕಾಲ, 1837ರ ಸುಮಾರಿಗೆ, ಬೆಂಗಳೂರಿಗೆ ಅವನನ್ನು ಎಳೆದು ತರಬೇಡಿ.

ಇಲ್ಲಿಂದ ಹುಡುಕುವಾಗ ಮೊದಲು ಕೇಳಬೇಕಾದದ್ದು: ಅಧಿಕಾರಿ ರಾಜನ ಸೇನೆಯವನೋ, ಈಸ್ಟ್ ಇಂಡಿಯಾ ಕಂಪನಿಯವನೋ? ಹುಸಾರ್ಸ್, ಡ್ರಗೂನ್ಸ್ ರಾಜನ ಸೇನೆ, ಅಲ್ಲಿ ಹುದ್ದೆಗೆ ಕ್ರಯ. ಮದ್ರಾಸ್ ಲೈಟ್ ಕ್ಯಾವಲ್ರಿ ಕಂಪನಿಯದು, ಅಲ್ಲಿ ಹುದ್ದೆ ಮಾರಾಟಕ್ಕಿಲ್ಲ, ಕಂಪನಿಯ ನಿರ್ದೇಶಕರೊಬ್ಬರ ನಾಮನಿರ್ದೇಶನ ಬೇಕು. ಕಂಪನಿಯವರ ಕೆಡೆಟ್ ಪತ್ರಗಳು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ, ಎಲ್/ಎಂಐಎಲ್/9 ಸಾಲಿನಲ್ಲಿ. ಅವುಗಳಲ್ಲಿ ಹುಟ್ಟಿನ ಪ್ರಮಾಣ ಮತ್ತು ತಂದೆಯ ವಿವರ ಇರುವುದರಿಂದ ಮನೆತನ ಹುಡುಕಲು ಅವು ಗೆಜೆಟ್‌ಗಿಂತ ಸಲೀಸು.

ಟ್ರಿನಿಟಿ ಚರ್ಚಿನಲ್ಲೋ ಸೇಂಟ್ ಮಾರ್ಕ್ಸ್‌ನಲ್ಲೋ ಒಂದು ಸ್ಮಾರಕ ಫಲಕದಿಂದ ಕೆಲಸ ಶುರು ಮಾಡುವುದಾದರೆ ಫಲಕದ ಪೂರ್ತಿ ಬರಹವನ್ನು ಸಾಲು ಮುರಿದಿರುವಂತೆಯೇ ಇಳಿಸಿಕೊಳ್ಳಿ, ಓರೆ ಬೆಳಕಿನಲ್ಲಿ ಒಂದು ಫೋಟೋ ತೆಗೆಯಿರಿ. ‘ಇಂಥವರ ಎರಡನೇ ಮಗ’ ಎಂದು ಕೆತ್ತಿರುವುದು ಮನೆತನಕ್ಕೆ ನೇರ ಕೊಂಡಿ. ಆದರೆ ಫಲಕವನ್ನು ಹಾಕಿಸಿದ್ದು ಸತ್ತ ಎಷ್ಟೋ ದಿನದ ನಂತರ, ಜೊತೆಯವರು ಚಂದಾ ಎತ್ತಿ. ವಯಸ್ಸು, ತಾರೀಖುಗಳಲ್ಲಿ ತಪ್ಪು ನುಸುಳುವುದುಂಟು. ಅದನ್ನು ಅದೇ ಇಂಡಿಯಾ ಆಫೀಸ್ ದಾಖಲೆಗಳ ಎನ್/2 ಸಾಲಿನಲ್ಲಿರುವ ಮದ್ರಾಸ್ ಪ್ರಾಂತ್ಯದ ಚರ್ಚು ವರದಿಗಳ ಜೊತೆ ತಾಳೆ ನೋಡಿ, ದಂಡಿನಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ನಕಲು ಅಲ್ಲಿಗೆ ಹೋಗಿದೆ. ಸತ್ತ ವರ್ಷದ ಆರ್ಮಿ ಲಿಸ್ಟ್ ತೆರೆದು ರೆಜಿಮೆಂಟಿನ ಪುಟದಲ್ಲಿ ಅವನ ಹೆಸರಿನ ಮುಂದಿರುವ ತಾರೀಖುಗಳನ್ನು ಬರೆದುಕೊಳ್ಳಿ, ಅದೇ ಮನೆತನದ ಹೆಸರಿನವರು ಇನ್ನೊಬ್ಬರಿದ್ದಾರೆಯೇ ನೋಡಿ. ಇದ್ದರೆ ಇಬ್ಬರಿಗೂ ಬೇರೆಬೇರೆ ಹಾಳೆ ತೆರೆಯಿರಿ.